ಚಿಕ್ಕ ಕಾರಿನ ದೊಡ್ಡ ಯಜಮಾನರು

ಶೋರೂಮಿನ ಯಜಮಾನರ ಹಣೆಯ ಮೇಲೆ, ಎಡಹುಬ್ಬಿನಿಂದ ಸ್ವಲ್ಪ ಮೇಲಕ್ಕೆ, ಹುಣಸೆಬೀಜದಂಥ ಒಂದು ಗಂಟಿತ್ತು. ಕಾರಿನ ಬಾಗಿಲಿಗೆ ಬಡಿದು ಬಡಿದು ಆದದ್ದು. ಆಳು ಆರಡಿಯ ಮೇಲೆ. ಮಾರುತ್ತಿದ್ದುದು ಮಾತ್ರ ಊರಿಗೆಲ್ಲ ಚಿಕ್ಕ ಕಾರು. ಅವರು ಅದರಿಂದ ಇಳಿಯುವುದನ್ನು ನೋಡಬೇಕಿತ್ತು. ಮೊದಲು ಒಂದು ಕಾಲು ಹೊರಗೆ, ಆಮೇಲೆ ಒಂದು ಕೈ, ಆಮೇಲೆ ಬಗ್ಗಿದ ಬೆನ್ನು, ಕೊನೆಗೆ ‘ಥತ್ತೇರಿ’ ಅಂತ ಹಣೆ ಉಜ್ಜಿಕೊಳ್ಳುತ್ತಾ ಇಡೀ ಮನುಷ್ಯ. ನೋಡಿದ ಗಿರಾಕಿ ನಕ್ಕರೆ ಅವರೂ ನಗುತ್ತಿದ್ದರು. “ನನ್ನಂತ ಆಸಾಮಿನೇ ಇದ್ರೊಳಕ್ಕೆ ಇಡುಸ್ತೀನಿ, ನಿಂಗೇನ್ಲಾ ದಾಡಿ?”

ಅವರ ಶೋರೂಮು ಅಂದರೆ ಕೆ.ಆರ್. ಪೇಟೆಯಲ್ಲಿ ಗಾಜು ಹಾಕಿದ ಒಂದು ಅಂಗಡಿ, ಅಷ್ಟೇ. ಎರಡು ಕಾರು ನಿಲ್ಲಿಸಿದರೆ ನನ್ನ ಮೇಜು ಬಾಗಿಲಿಗೆ ಬರುತ್ತಿತ್ತು. ಡಿಗ್ರಿ ಮುಗಿಸಿ ಬೂಕನಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನನ್ನನ್ನು ಅವರು ಕಾರು ಮಾರುವ ಕೆಲಸಕ್ಕೆ ಇಟ್ಟುಕೊಂಡಾಗ ಪೇಟೆಯವರು ಮೂಗು ಮುರಿದರು. ಒಬ್ಬರಂತೂ ನನ್ನೆದುರೇ, “ಎಣ್ಮಕ್ಳು ಏನ್ ಕಾರು ಮಾರಾರು ಬುಡಿ” ಅಂದುಬಿಟ್ಟರು. ಯಜಮಾನರು ತಲೆಯೆತ್ತದೆ, “ಅವ್ಳೇ ಕಣಪ್ಪ ಮಾರೋದು. ನಾನು ಬರೀ ತೋರ್ಸಾಕಿರೋನು” ಅಂದರು. ಆವತ್ತಿನಿಂದ ಅವರಿಗಾಗಿ ನಾನು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದೆ.

ಅವರದೊಂದು ಪದ್ಧತಿ ಇತ್ತು. ಗಿರಾಕಿಯ ಊರಿಗೆ ಹೋಗಿ, ಅವನ ಮನೆಯ ಓಣಿಯಲ್ಲಿ ಕಾರು ತಿರುಗಿಸಿ ನೋಡದೆ ಮಾರುತ್ತಿರಲಿಲ್ಲ. ತಿಪ್ಪೆ, ಹುಲ್ಲಿನ ಮೆದೆ, ಕಟ್ಟಿದ ಎಮ್ಮೆ ಎಲ್ಲವನ್ನೂ ತಪ್ಪಿಸಿ ಕಾರು ತಿರುಗಿತೋ, ವ್ಯಾಪಾರ ಆಯಿತು ಅಂತ ಲೆಕ್ಕ. ದೊಡ್ಡ ಗಾಡಿಯ ಆಸೆ ಹೇಳಿಕೊಂಡವರಿಗೆ, “ಆಸ್ಗೆ ಇದ್ದಷ್ಟು ಕಾಲು ಚಾಚು” ಎನ್ನುತ್ತಿದ್ದರು. ತಮ್ಮ ಕಾಲು ಯಾವ ಹಾಸಿಗೆಯೊಳಗೂ ನಿಲ್ಲುವುದಿಲ್ಲ ಅನ್ನುವುದು ಮರೆತೇ ಹೋಗುತ್ತಿತ್ತು.

ಇಷ್ಟರಲ್ಲಿ ಕಂಪನಿಯಿಂದ ಸುದ್ದಿ ಬಂತು. ಚಿಕ್ಕ ಕಾರಿಗೇ ಹೆಸರಾದ ಕಂಪನಿ ಈಗ ದೊಡ್ಡ ಗಾಡಿಗಳನ್ನೂ, ಏಳು ಸೀಟಿನದನ್ನೂ ತರಬೇಕೋ ಬೇಡವೋ ಅಂತ ಯೋಚಿಸುತ್ತಿದೆ, ಡೀಲರುಗಳೆಲ್ಲ ಸಭೆಗೆ ಬಂದು ಅಭಿಪ್ರಾಯ ಹೇಳಬೇಕು. ನಮ್ಮಂಥ ಚಿಕ್ಕ ಅಂಗಡಿಯವರಿಗೆ ಭಯ ಹತ್ತಿತು. ಬಗೆಬಗೆಯ ಗಾಡಿ ಬಂದರೆ ವಿಶಾಲವಾದ ಶೋರೂಮು ಬೇಕು. ಇಲ್ಲದವರ ಡೀಲರ್‌ಶಿಪ್ಪು ಹೋಗುತ್ತದೆ. ನಮ್ಮದು ಹೋಗುವುದರಲ್ಲಿ ಅನುಮಾನವೇ ಇರಲಿಲ್ಲ. ಪಾಂಡವಪುರದ ಡೀಲರು ಓಡಿಬಂದು, “ಯಜಮಾನ್ರೇ, ಬ್ಯಾಡ ಅಂತ ನೀವು ಎದ್ ನಿಂತ್ಬುಡಿ. ನೀವು ಎದ್ರೆ ಚಾವಣಿಗೇ ತಗುಲ್ತೀರ, ಎಲ್ರೂ ಕೇಳ್ತಾರೆ” ಅಂದ. “ಏಳ್ತೀನಿ ಬುಡ್ಲಾ” ಅಂತ ಇವರು ಮಾತು ಕೊಟ್ಟರು.

ಸಭೆಗೆ ಮುಂಚಿನ ಭಾನುವಾರ ಬಿಂಡಿಗನವಿಲೆಯ ಒಂದು ಮನೆಯವರು ಊರಿನಿಂದ ಸ್ವಲ್ಪ ದೂರವಿರುವ ತಮ್ಮ ಮನೆದೇವರಿಗೆ ಪರ ಇಟ್ಟುಕೊಂಡಿದ್ದರು. ದೇವರ ಹತ್ತಿರವೇ ಕುರಿ ಕಡಿದು, ಅಲ್ಲೇ ಅಡುಗೆ ಮಾಡಿ, ನೆಂಟರಿಗೆಲ್ಲ ಊಟ ಹಾಕುವ ಹರಕೆ. ನಮ್ಮಲ್ಲಿ ಕಾರು ತಗೊಂಡವರಾದ್ದರಿಂದ ಯಜಮಾನರಿಗೂ ನನಗೂ ಕರೆ ಬಂದಿತ್ತು. ಮರದ ನೆರಳಲ್ಲಿ ಎಲೆ ಹಾಕಿದ್ದರು. ಮುದ್ದೆ ಬಂತು, ಸಾರು ಬಂತು. ಯಜಮಾನರು ಸುತ್ತ ನೋಡಿ, “ಅಜ್ಜಿ ಎಲ್ಲಿ?” ಅಂದರು. ಹರಕೆ ಹೊತ್ತಿದ್ದೇ ಆ ಮನೆಯ ಅಜ್ಜಿ.

ಮನೆಯ ಮಗ ತಲೆ ಕೆರೆದುಕೊಂಡ. “ಕಾರ್ನಾಗೆ ಜಾಗ ಆಗ್ನಿಲ್ಲ. ಅವ್ವಂಗೆ ಬಸ್ನಾಗೆ ಬಾ ಅಂದಿದ್ದೊ, ಬಸ್ಸು ತಪ್ಪೋಯ್ತಂತೆ.”

“ಕುರಿ ಎಂಗ್ ಬಂತ್ಲಾ?”

“ಕಾರ್ನಾಗೇ. ಅದುನ್ನ ಬುಟ್ ಬರಾಕಾದದಾ?”

ಕುರಿ ಕಾರಿನಲ್ಲಿ, ಹರಕೆ ಹೊತ್ತ ಅಜ್ಜಿ ಮನೆಯಲ್ಲಿ! ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಯಜಮಾನರು ನಗಲಿಲ್ಲ. ಮುರಿದ ಮುದ್ದೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು. ನಾನು ಕೈ ತೊಳೆದುಕೊಂಡು ಹಿಂದೆ ಓಡಿದೆ.

ನಾವು ಅವರ ಮನೆ ಮುಟ್ಟಿದಾಗ ಅಜ್ಜಿ ಹೊಸ ಸೀರೆ ಉಟ್ಟು, ಮುಡಿಗೆ ಕನಕಾಂಬರ ಇಟ್ಟುಕೊಂಡು ಜಗುಲಿಯ ಮೇಲೆ ಕೂತಿತ್ತು. ಅತ್ತಿರಲಿಲ್ಲ, ಆದರೆ ಯಾರನ್ನೂ ಬೈಯುತ್ತಲೂ ಇರಲಿಲ್ಲ. ಅದೇ ನೋಡಲಾಗಲಿಲ್ಲ. ಕಾರು ಹತ್ತಿಸಿಕೊಂಡು ಸ್ವಲ್ಪ ದೂರ ಬಂದ ಮೇಲೆ ಅಜ್ಜಿ ತಾನಾಗಿ ಹೇಳಿತು: “ಕಾರು ಚೆನ್ನಾಗದೆ ಕಣಪ್ಪ. ಎತ್ತಿನ ಗಾಡಿನಾಗೆ ಓಯ್ತಿದ್ದಾಗ ಸೊಂಟ ಬಿದ್ದೋಗದು. ಆದ್ರೆ ಯಾರೂ ಮಿಕ್ತಿರ್ನಿಲ್ಲ.”

ಯಜಮಾನರು ಅಜ್ಜಿಯ ಕೈಹಿಡಿದು ದೇವರ ಮುಂದೆ ನಿಲ್ಲಿಸಿ, ಆಮೇಲೆ ಊಟಕ್ಕೆ ಕೂತರು. ಆರಿದ ಸಾರನ್ನೇ ಉಂಡರು.

ಸಭೆ ನಡೆದದ್ದು ಬಾಬುರಾಯನಕೊಪ್ಪಲಿನ ಹತ್ತಿರ, ಮೈಸೂರು ರಸ್ತೆಯ ಒಂದು ಹೋಟೆಲಿನಲ್ಲಿ. ಕಂಪನಿಯವರು ಮರ್ಯಾದೆಯಿಂದಲೇ ಕೇಳಿದರು. ಪಾಂಡವಪುರದವನು ಇವರ ಮೊಣಕೈ ತಿವಿದ. ಯಜಮಾನರು ಎದ್ದರು.

“ಬ್ಯಾಡ ಅನ್ನಾಕೇ ಬಂದಿದ್ದೆ ಸಾರ್. ಬ್ಯಾಡ ಅಂದ್ರೆ ನನ್ನ ಅಂಗ್ಡಿ ಉಳೀತದೆ. ಆದ್ರೆ ನಾನು ಮಾರಿದ್ ಕಾರ್ನಾಗೆ ಮನೆ ಅಜ್ಜಿಗೇ ಜಾಗ ಸಾಲ್ನಿಲ್ಲ, ಅದುನ್ನ ಕಣ್ಣಾರೆ ನೋಡ್ದೆ. ದೊಡ್ ಗಾಡಿ ಮಾಡಿ. ಜಂಬಕ್ಕಲ್ಲ, ಮನೇಲಿ ಒಬ್ರು ಮಿಕ್ಕೋಗ್ದಂಗೆ ಮಾಡಿ. ಅಂಗಂತ ಚಿಕ್ಕುದ್ನ ಕೈ ಬುಡ್ಬ್ಯಾಡಿ. ನಮ್ ಜನುಕ್ಕೆ ಮೊದ್ಲ ಕಾರು ಅದೇಯ.”

ಹೊರಗೆ ಬಂದಾಗ ಪಾಂಡವಪುರದವನಿಗೆ ಅಳು ಬರುವಷ್ಟು ಸಿಟ್ಟು. “ನಿಮ್ ಕಾಲ್ ಮೇಲೆ ನೀವೇ ಕಲ್ ಎತ್ತಾಕ್ಕೊಂಡ್ರಲ್ಲ ಯಜಮಾನ್ರೇ! ನಮ್ಮ ಕಾಲ್ ಮೇಲೂ ಆಕುದ್ರಲ್ಲ!”

“ಸುಳ್ ಏಳಿ ಉಂಡ್ರೆ ಅರಗಾಕಿಲ್ಲ ಕಣ್ಲಾ” ಅಂದರು, ಮೆಲ್ಲಗೆ. ಅವನು ತಿರುಗಿ ನೋಡದೆ ಹೋದ. ಮುಂದೆ ಎಂದೂ ಇವರ ಮನೆಗೆ ಬರಲಿಲ್ಲ. ಸುಳ್ಳೇಕೆ, ನನಗೂ ಕೋಪ ಬಂದಿತ್ತು. ಸತ್ಯ ಹೇಳುವವರು ಮನೆಯಲ್ಲಿ ಕೂತು ಹೇಳಬಾರದೇ ಅನ್ನಿಸಿತ್ತು.

ಇವರೊಬ್ಬರ ಮಾತಿಗೆ ಕಂಪನಿ ದೊಡ್ಡ ಗಾಡಿ ತಂದಿತು ಅಂತ ಹೇಳಲಾರೆ. ತಂದಿತು, ಅಷ್ಟೇ. ನಮ್ಮ ಗಾಜಿನ ಅಂಗಡಿಯ ಮೇಲಿನ ಹೆಸರು ಇಳಿಯಿತು. ಯಜಮಾನರು ಅಲ್ಲೇ ಟೈರು ಮಾರತೊಡಗಿದರು. ಅದಕ್ಕೆ ಮುಂಚೆ, ಡೀಲರ್‌ಶಿಪ್ಪು ಸಿಕ್ಕ ಶ್ರೀರಂಗಪಟ್ಟಣದ ಹೊಸ ಶೋರೂಮಿಗೆ ನನ್ನನ್ನು ತಾವೇ ಕರೆದುಕೊಂಡು ಹೋಗಿ, “ನನ್ನ ಅಂಗ್ಡೀಲಿ ಕಾರು ಮಾರ್ತಿದ್ದದ್ದು ಈ ಮಗಳೇಯ” ಅಂದು ಕೆಲಸಕ್ಕೆ ಸೇರಿಸಿದರು. ತಮ್ಮ ಅನ್ನ ಕಿತ್ತುಕೊಂಡ ಬಾಗಿಲಿಗೆ ಹೋಗಿ ನನ್ನ ಅನ್ನ ಕೇಳಿದರು. ನನ್ನ ಮಕ್ಕಳು ಓದುತ್ತಿರುವುದು ಅದೇ ಅನ್ನದಲ್ಲಿ.

ಹೋದ ವರ್ಷ ಅವರಿಗೆ ಹುಷಾರು ತಪ್ಪಿತು. ಮೈಸೂರಿನ ಆಸ್ಪತ್ರೆಗೆ ಹೊರಟದ್ದು ಅವರ ಮಗಳು ನನ್ನ ಕೈಯಲ್ಲೇ ತಗೊಂಡಿದ್ದ ಏಳು ಸೀಟಿನ ಗಾಡಿಯಲ್ಲಿ. ಹೆಂಡತಿ, ಮಗಳು, ಅಳಿಯ, ಮೊಮ್ಮಕ್ಕಳು, ನಾನು. ಯಾರೊಬ್ಬರೂ ಮನೆಯಲ್ಲಿ ನಿಲ್ಲಲು ಒಪ್ಪಲಿಲ್ಲ. ಪಾಂಡವಪುರ ದಾಟುವಾಗ ಅವರು ಕಣ್ಣು ಬಿಟ್ಟು ಒಬ್ಬೊಬ್ಬರನ್ನಾಗಿ ನೋಡಿದರು.

“ಅವತ್ತು ಏಳ್ಬಾರ್ದಾಗಿತ್ತಾ ಕಣವ್ವ?” ಅಂತ ನನ್ನನ್ನು ಕೇಳಿದರು. “ಆ ಪಾಂಡವಪುರದೋನ್ ಅಂಗ್ಡೀನೂ ಮುಚ್ಚೋಯ್ತು.”

ಇಷ್ಟು ವರ್ಷ ಈ ಮನುಷ್ಯ ಅದನ್ನು ಒಬ್ಬರೇ ಹೊತ್ತುಕೊಂಡಿದ್ದರು! ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ.

“ನೀವು ಏಳಿದ್ದೇ ಸರಿ ಯಜಮಾನ್ರೇ. ನೋಡಿ, ಎಲ್ರೂ ನಿಮ್ ಜೊತೇಲೇ ಇದ್ದೀವಿ” ಅಂದೆ.

“ಊಂ. ಅವ್ರೆ, ಎಲ್ರೂ ಅವ್ರೆ” ಅಂದು ಕಣ್ಣು ಮುಚ್ಚಿಕೊಂಡರು.

ಅವರು ಆಸ್ಪತ್ರೆಯಿಂದ ವಾಪಸ್ಸು ಬರಲಿಲ್ಲ. ಮಣ್ಣಿಗೆ ಪಾಂಡವಪುರದವನು ಬಂದಿದ್ದ. ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ.