ಮೊಮ್ಮಗಳ ಮೊಣಕಾಲಿಗೆ ಅವಳದೇ ಕೊಬ್ಬು

ಮಕ್ಕಳೇ, ನಿಮ್ಮ ದೊಡ್ಡಪ್ಪನ ಮಗಳು ಸೈಕಲ್ ಪಂದ್ಯಕ್ಕೆ ತಾಲೀಮು ಮಾಡುವಾಗ ಸೊರಟೂರಿನ ದಾರಿಯಲ್ಲಿ ಬಿದ್ದದ್ದು ನಿಮಗೆ ಗೊತ್ತು. ನೀವು ಮುಂಡರಗಿಯಲ್ಲಿದ್ದಿರಿ, ಆಮೇಲಿನದು ಪೂರ್ತಿ ತಿಳಿಯದು. ಎಡ ಮೊಣಕಾಲಿನ ಬಾವು ಇಳಿಯಲೇ ಇಲ್ಲ. ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಿದ್ದಳು. ಅವಳವ್ವನಿಗೆ ಶಿರಹಟ್ಟಿಯ ಶಾಲೆಯಲ್ಲಿ ನೌಕರಿ, ಹಾಗಾಗಿ ಆಸ್ಪತ್ರೆಗೆ ಜೊತೆಯಾಗಿ ನಾನೇ ಹೋಗುತ್ತಿದ್ದೆ.

ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಗದಗಿಗೆ ಬರುವ ಎಲುಬಿನ ಡಾಕ್ಟರು, ಕೀಲಿನೊಳಗಿನ ಮೆತ್ತನೆಯ ಎಲುಬಿಗೆ ಪೆಟ್ಟಾಗಿದೆ ಎಂದರು. ಅವಳ ಹೊಟ್ಟೆಯಿಂದ ತುಸು ಕೊಬ್ಬು ತೆಗೆದು, ತೊಳೆದು, ಸೂಜಿಯಲ್ಲಿ ಮೊಣಕಾಲಿಗೆ ಹಾಕಿ ನೋಡಬಹುದು, ಆದರೆ ಗುಣವಾಗಿಯೇ ತೀರುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಅವಳ ಹೊಟ್ಟೆ ಮುಟ್ಟಿ ನೋಡಿ, "ಹುಡುಗಿ ಭಾಳ ಸಣ್ಣ ಅದಾಳಲ್ಲರಿ" ಎಂದು ನಕ್ಕರು.

ನನ್ನ ತಲೆಯಲ್ಲಿ ಆ ಮಾತೊಂದೇ ಕುಳಿತಿತು. ಕೊಬ್ಬು ಸಿಗದಿದ್ದರೆ ಏನು ಗತಿ? ಕೇಳಲು ಬಾಯಿ ಬರಲಿಲ್ಲ. ಮೈಗೆ ಹಿಡಿಯುವ ತಿನಿಸೆಂದರೆ ನನಗೆ ಗೊತ್ತಿದ್ದದ್ದು ಬಾಣಂತಿಯರಿಗೆ ಕಟ್ಟುವ ಅಂಟಿನುಂಡಿ. ಮನೆಗೆ ಬಂದವಳೇ ತುಪ್ಪದಲ್ಲಿ ಅಂಟು ಹುರಿದೆ, ಒಣಕೊಬ್ಬರಿ ಹೆರೆದೆ, ಉತ್ತತ್ತಿ ಕುಟ್ಟಿದೆ. ಘಮ ಓಣಿಯ ತುದಿಯವರೆಗೆ ಹೋಗಿರಬೇಕು.

ಮರುದಿನ ನೀರು ತುಂಬುವಾಗ ಪಕ್ಕದ ಮನೆಯಾಕೆ ಕೇಳಿದಳು: "ಯಕ್ಕಾ, ಅಂಟಿನುಂಡಿ ವಾಸನಿ ಬಂತಲ್ಲ. ನಿಮ್ಮ ಮನ್ಯಾಗ ಯಾರು ಹಡದಾರ?"

ಮನೆಯಲ್ಲಿ ಮದುವೆಯಾಗದ ಹುಡುಗಿ, ಅದೂ ಹೊರಗೆ ಬಾರದೆ ಮಲಗಿದವಳು. ನನಗೆ ಆಗ ಹೊಳೆಯಿತು. ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದುಬಿಟ್ಟೆ. ಸುಮ್ಮನೆ ಬಂದದ್ದಕ್ಕೆ ಆಕೆ ಏನು ತಿಳಿದಳೋ ಎಂದು ದಿನವಿಡೀ ಕುದ್ದು, ಸಂಜೆ ಹುಡುಗಿಗೇ ಹೇಳಿದೆ. ಅವಳು ಕುಂಟುತ್ತ ಹೋಗಿ ಆಕೆಯ ಕೈಯಲ್ಲಿ ಒಂದು ಉಂಡಿ ಇಟ್ಟು, "ಬಾಣಂತಿ ನಾನರಿ ಚಿಗವ್ವಾ. ಕೂಸು ಮೊಣಕಾಲಾಗೈತಿ, ನೋಡ್ತೀರೇನು?" ಎಂದು ಬಾವು ತೋರಿಸಿ ಬಂದಳು.

ಕೊಬ್ಬು ತೆಗೆಯುವ ದಿನ ಅವಳನ್ನು ಒಳಗೆ ಕರೆದಾಗ ಎಲ್ಲಿಂದ ಧೈರ್ಯ ಬಂತೋ, ಡಾಕ್ಟರಿಗೆ ಅಡ್ಡ ನಿಂತೆ. "ಸಾಹೇಬ್ರ, ಆಕಿದು ಸಾಲದಿದ್ರ ನನ್ನ ಹೊಟ್ಟ್ಯಾಂದು ತಗೋರಿ."

ಅವರು ಈ ಸಲ ನಗಲಿಲ್ಲ. "ಆಕಿದ ಆಗಬೇಕ್ರಿ ಅಮ್ಮಾ. ಒಂಚೂರು ಸಾಕು. ಅಷ್ಟು ಮೊದಲಿಂದನೂ ಐತಿ."

ಹಾಕಿ ಕೆಲವು ತಿಂಗಳಾದವು. ಬಾವು ಇಳಿದಿದೆ. ಅದು ಕೊಬ್ಬಿನಿಂದಲೋ, ಇಷ್ಟು ದಿನದ ವಿಶ್ರಾಂತಿಯಿಂದಲೋ, ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ಪಂದ್ಯದ ಮಾತು ಈಗಲೇ ಬೇಡವೆಂದಿದ್ದಾರೆ. ಅವಳು ಮಾತ್ರ ಸಂಜೆ ಮಲ್ಲಸಮುದ್ರದವರೆಗೆ ಸೈಕಲ್ ಹೊಡೆಯುತ್ತಾಳೆ. ಬರುವ ಹೊತ್ತಿಗೆ ನಾನು ಬಾಗಿಲಲ್ಲಿರುತ್ತೇನೆ. ತಿರುವಿನಲ್ಲಿ ಕಂಡ ಕೂಡಲೇ ಮುಖ ನೋಡುವುದಿಲ್ಲ. ಎಡಗಾಲು ಪೆಡಲ್ ತುಳಿಯುತ್ತಿದೆಯೋ, ಅದರ ಮೇಲೆ ಸುಮ್ಮನೆ ಕುಳಿತಿದೆಯೋ ಎಂದು ನೋಡುತ್ತೇನೆ. ನಿನ್ನೆ ತುಳಿಯುತ್ತಿತ್ತು. ಇವತ್ತು ಇನ್ನೂ ಬಂದಿಲ್ಲ.