ಬರೋ ವರ್ಷ ಬಿಡುತ್ತೆ

ಅಡುಗೆಮನೆಯ ಕೊನೆಯ ಡ್ರಾಯರಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಅಪ್ಪನ ಚಾಕುವನ್ನು ಮೊನ್ನೆ ಬಿಚ್ಚಿದೆ. ಬಟ್ಟೆ ಅಲಗಿಗೆ ಅಂಟಿಕೊಂಡಿತ್ತು. ಎಳೆದಾಗ ಮೊದಲು ಬಂದದ್ದು ಕಮಟು ಹಿಡಿದ ಕೊಬ್ಬರಿ ಎಣ್ಣೆಯ ವಾಸನೆ, ಅದರ ಬೆನ್ನಿಗೇ ಹಲಸಿನ ಮೇಣದ್ದು. ಹಲಸು ಕೊಯ್ಯುವ ಮನೆಯಲ್ಲಿ ನೀವು ಬೆಳೆದಿದ್ದರೆ ಆ ಎರಡನ್ನೂ ಬೇರೆ ಮಾಡಲಾಗದು ಎಂದು ನಿಮಗೂ ಗೊತ್ತು. ರಾಜಾಜಿನಗರದ ನಮ್ಮ ಮನೆಯ ಹಿಂಬದಿಯ ಜಗಲಿಯಲ್ಲಿ ಅಪ್ಪ ಹಳೆಯ ಪೇಪರ್ ಹರಡಿ, ಮೊಣಕೈವರೆಗೆ ಎಣ್ಣೆ ಬಳಿದುಕೊಂಡು, ಕಾರ್ಖಾನೆಯಲ್ಲಿ ಯಂತ್ರ ಬಿಚ್ಚುವಷ್ಟೇ ಗಂಭೀರವಾಗಿ ಹಣ್ಣು ಬಿಚ್ಚುತ್ತಿದ್ದರು. ಅಮ್ಮ ತೊಳೆಗಳನ್ನು ಬಾಳೆಲೆಯ ಚೂರುಗಳಲ್ಲಿ ಕಟ್ಟಿಕೊಡುತ್ತಿದ್ದಳು. ನಾನೂ ಗಿರಿಜಕ್ಕನೂ ಅವನ್ನು ಮನೆಮನೆಗೆ ಮುಟ್ಟಿಸಿ ಬರುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ನಮ್ಮ ಮನೆಯ ವಾಸನೆ ಬೀರುತ್ತಿತ್ತು. ಹಿತ್ತಲಲ್ಲಿ ಹಲಸಿನ ಮರ, ಮರದ ಕೆಳಗೆ ಬಾವಿ, ಬಾವಿಯ ಕಟ್ಟೆಯ ಮೇಲೆ ಬೀಜ ಒಣಗಿಸಲಿಟ್ಟ ಮೊರ.

ಇಲ್ಲಿ ನಿಲ್ಲಿಸಬೇಕು. ಬಾವಿ ಇರಲಿಲ್ಲ. ವರ್ಷಗಟ್ಟಲೆ ನನ್ನ ಮಕ್ಕಳಿಗೆ ಆ ಬಾವಿಯ ಕಥೆ ಹೇಳಿದ ಮೇಲೆ ಅಕ್ಕ ಒಂದು ದಿನ ಕೇಳಿಸಿಕೊಂಡು ನಕ್ಕುಬಿಟ್ಟಳು. "ಯಾವ ಬಾವಿ ಕಣೇ? ಬೀದಿ ಕೊನೇಲಿ ನಲ್ಲಿ ಇತ್ತು. ಬಿಂದಿಗೆ ಹೊತ್ತು ನನ್ನ ಸೊಂಟ ಬಿದ್ದೋಯ್ತು, ನೀನು ಕೂತಲ್ಲೇ ಬಾವಿ ತೋಡ್ತಿದೀಯ!" ಹಾಗಾಗಿ ಮುಂದಿನದನ್ನು ಓದುವಾಗ ನನ್ನನ್ನು ಪೂರ್ತಿ ನಂಬಬೇಡಿ. ಮರ ಇತ್ತು. ಮೊದಮೊದಲು ಅದು ಕಾಯಿ ಬಿಡುತ್ತಿರಲಿಲ್ಲ. ಇಷ್ಟಕ್ಕೆ ಅಕ್ಕನ ಸಾಕ್ಷಿಯೂ ಇದೆ.

ಕಾಯಿ ಬಿಡದ ಮರವನ್ನು ಹೆದರಿಸುವುದು ಅಪ್ಪನ ಊರಿನ ಪದ್ಧತಿ. ಒಬ್ಬರು ಕೊಡಲಿ ಎತ್ತಿ ಕಡಿಯುತ್ತೇನೆ ಎನ್ನಬೇಕು, ಇನ್ನೊಬ್ಬರು ಅಡ್ಡ ಬಂದು ಬೇಡ ಎನ್ನಬೇಕು. ಮರ ಕೇಳಿಸಿಕೊಳ್ಳುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಕಾಮಾಕ್ಷಿಪಾಳ್ಯದ ಕಟ್ಟಿಗೆ ಡಿಪೋದಿಂದ ಕೊಡಲಿ ಕೇಳಿ ತಂದರು. ಅಡ್ಡ ಬರುವ ಪಾತ್ರ ನನ್ನದು. ಎರಡು ಜಡೆ, ಅಕ್ಕನ ಹಳೆಯ ಲಂಗ. ಅಪ್ಪ ಲುಂಗಿ ಎತ್ತಿ ಕಟ್ಟಿ, ಪಕ್ಕದ ಮನೆಗೂ ಕೇಳುವಂತೆ ಗರ್ಜಿಸಿದರು: "ಕುಡಿಯೋದು ನಮ್ಮ ನೀರು, ಉದುರ್ಸೋದು ಬರೀ ಎಲೆ! ಇವತ್ತು ಕಡಿದೇ ಬಿಡ್ತೀನಿ!" ಸ್ನಾನದ ಹಂಡೆಯ ಕಡೆಗಿದ್ದ ಮಗ್ಗುಲಿಗೆ ಕೊಡಲಿ ತಾಗಿತು. ತೊಗಟೆಯಿಂದ ಬಿಳಿ ಹಾಲು ಒಸರಿತು. ಅದನ್ನು ಕಂಡು ನಾನು ನಿಜವಾಗಿಯೇ ಅಳತೊಡಗಿದೆ, ಹೇಳಬೇಕಾದ ಮಾತು ಮರೆತೇಹೋಯಿತು. ಅಪ್ಪ ಎತ್ತಿದ ಕೊಡಲಿ ಇಳಿಸದೆ ಪಿಸುಗುಟ್ಟಿದರು: "ಹೇಳೇ ಪುಟ್ಟಿ, ಬೇಡಪ್ಪ, ಬರೋ ವರ್ಷ ಬಿಡುತ್ತೆ ಅನ್ನು." ಬಿಕ್ಕುತ್ತಾ ಅಂದೆ. ಮರುವರ್ಷ ಎರಡು ಕಾಯಿ ಬಿಟ್ಟವು. ಅಂದಿನಿಂದ ಪ್ರತಿ ಬೇಸಿಗೆ ಮೊದಲ ತೊಳೆ ನನ್ನ ಬಾಯಿಗೆ. "ಇವಳ ಮಾತು ಕೇಳಿದ ಮರ" ಎನ್ನುತ್ತಿದ್ದರು ಅಪ್ಪ. ನಾನೂ ನಂಬಿದ್ದೆ. ಪರೀಕ್ಷೆಗೆ ಹೊರಡುವ ಮುನ್ನ ಮರಕ್ಕೆ ಹೇಳಿ ಹೋಗುತ್ತಿದ್ದೆ.

ಇದಕ್ಕೂ ಅಕ್ಕನ ಹತ್ತಿರ ಬೇರೆ ಕಥೆಯಿದೆ. "ಅತ್ತಿದ್ದು ನೀನಲ್ಲ ಕಣೇ, ನಾನು. ನೀನು ಅಮ್ಮನ ಸೊಂಟದ ಮೇಲಿದ್ದೆ." ಹಾಗಾದರೆ ಮೊದಲ ತೊಳೆ ನನಗೇಕೆ ಎಂದರೆ, "ಚಿಕ್ಕವಳು ಅಂತ. ಇನ್ಯಾಕೆ?" ಕೊಡಲಿಯ ಗಾಯ ಕೊನೆಯವರೆಗೂ ತೊಗಟೆಯಲ್ಲಿ ತುಟಿ ಮುಚ್ಚಿದ ಬಾಯಿಯಂತೆ ಉಳಿದಿತ್ತು. ಅದು ಇದ್ದದ್ದು ಹಂಡೆಯ ಕಡೆಗಲ್ಲ, ಪಕ್ಕದ ಮನೆಯ ಗೋಡೆಯ ಕಡೆಗೆ. ಈ ಗಾಯವನ್ನು ನನ್ನ ನೆನಪಿಗೆ ಹೊಂದಿಸಲು ಎಷ್ಟೋ ಸಲ ಮರದ ಸುತ್ತ ತಿರುಗಿದ್ದೇನೆ. ಹೊಂದಲಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ಮನೆ ನಮ್ಮಿಬ್ಬರ ಹೆಸರಿಗೆ ಬಂತು. ಅಕ್ಕ ಭಾವ ಅಲ್ಲೇ ಉಳಿದರು. ನಾನಿರುವುದು ರಾಜರಾಜೇಶ್ವರಿನಗರದ ಆರನೇ ಮಹಡಿಯಲ್ಲಿ, ಕುಂಡದ ಗಿಡಗಳ ನಡುವೆ. ಮರದ ಬುಡದಲ್ಲಿ ಅಣಬೆ ಎದ್ದಾಗ ಅಕ್ಕ ಫೋನ್ ಮಾಡಿದಳು. ಮರ ಹತ್ತುವ ಮುನಿರಾಜು ಮಚ್ಚಿನ ಬೆನ್ನಿನಿಂದ ಬುಡದ ಸುತ್ತ ತಟ್ಟಿ, ಕಿವಿಯಿಟ್ಟು ಕೇಳಿ ಹೇಳಿದ: "ಮೇಡಂ, ಮೇಲ್ ನೋಡಿದ್ರೆ ಮದ್ವೆ ಗಂಡು, ಒಳಗೆ ಖಾಲಿ ಡಬ್ಬ. ವಾಲಿರೋದು ಆ ಕಡೆ, ಶೀಟ್ ಮನೆ ಮೇಲೆ." ಗೋಡೆಯಾಚೆಯ ಶೀಟಿನ ಕೋಣೆಯಲ್ಲಿ ಬಾಡಿಗೆಗಿದ್ದವಳು ಶಾಂತವ್ವ, ಕೊಪ್ಪಳದ ಕಡೆಯವಳು, ಗಾರ್ಮೆಂಟಿನಲ್ಲಿ ಕೆಲಸ. ಒಳಗೆ ಅವಳ ಎಳೆ ಕೂಸಿನ ಜೋಲಿ ತೂಗುತ್ತಿತ್ತು.

ಕಡಿಯಬೇಕು ಎಂಬುದನ್ನು ನಾವಿಬ್ಬರೂ ಆ ದಿನವೇ ಒಪ್ಪಿದೆವು. ಯಾವಾಗ ಎಂಬುದನ್ನು ಮಾತ್ರ ಒಪ್ಪಲಾಗಲಿಲ್ಲ. "ಕಾಯಿ ಕಚ್ಚಿದೆ ಕಣೇ, ಬಸುರಿಗೆ ಯಾರಾದ್ರೂ ಕೈ ಮಾಡ್ತಾರಾ?" ಎಂದಳು ಅಕ್ಕ. ಹಣ್ಣು ಮುಗಿಯುವಾಗ ಆಷಾಢ. ಆಷಾಢ ಕಳೆಯುವಾಗ ಕಾಗೆ ಗೂಡು ಕಟ್ಟಿತ್ತು. ಮರಿ ಹಾರಿಹೋಗುವಾಗ ಹಬ್ಬಗಳು, ಹಬ್ಬ ಮುಗಿಯುವಾಗ ಮತ್ತೆ ಎಳೆಯ ಮಿಡಿ. ಪ್ರತಿ ಸಲವೂ ನನಗೆ ಸಮಾಧಾನವೇ ಆಗುತ್ತಿತ್ತು. ಅಕ್ಕನನ್ನು ಬೈಯುತ್ತಾ ಒಳಗೊಳಗೆ ಖುಷಿಪಡುತ್ತಿದ್ದೆ. ಪಾಲಿಕೆಯವರು ಬಂದು ನೋಡಿ ಅನುಮತಿ ಕೊಟ್ಟ ಕಾಗದ ದೇವರ ಫೋಟೋದ ಹಿಂದೆ ಸೇರಿತು. ಹೀಗೆ ಎರಡು ವರ್ಷ. ಕಳೆದ ಬೇಸಿಗೆಯ ಮೊದಲ ಗಾಳಿಮಳೆಗೆ ಒಂದು ಕೊಂಬೆ ಮುರಿದು ಶೀಟಿನ ಮೂಲೆ ಒಡೆಯಿತು. ಶಾಂತವ್ವ ಆಗಷ್ಟೇ ಕೂಸನ್ನು ಎತ್ತಿಕೊಂಡು ಅಂಗಡಿಗೆ ಹೋಗಿದ್ದಳು. ಖಾಲಿ ಜೋಲಿಯ ತುಂಬ ಶೀಟಿನ ಚೂರು.

ಮುಂದಿನ ಭಾನುವಾರ ಮುನಿರಾಜು ಹಗ್ಗ, ಗರಗಸದ ಮಷಿನ್ ತಂದ. ಅಕ್ಕ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾಲು ಹೊಯ್ದು, ಮೇಲಿನವರೆಲ್ಲ ಬೇರೆ ಕಡೆ ಹೋಗಿ ಎಂದು ಹಕ್ಕಿ ಇರುವೆಗಳಿಗೆ ಕೈಮುಗಿದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಶಾಂತವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೂಗಿದಳು. "ಅಕ್ಕಾರ, ಕಡೀಬ್ಯಾಡ್ರೀ! ನೆಳ್ಳು ಹೋದ್ರ ಈ ಶೀಟಿನ ಕೆಳಗ ಕೂಸು ಹೆಂಗ್ ಮಲಗಬೇಕ್ರಿ? ಇದೊಂದು ಬ್ಯಾಸಗಿ ಬಿಡ್ರಿ, ಬರೋ ವರ್ಷ ಕಡಸೀರಂತ."

ಇದನ್ನು ನಾನು ಹೊಂದಿಸಿ ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಬಾವಿ ತೋಡಿದವಳ ಮೇಲೆ ಆ ಅನುಮಾನ ನ್ಯಾಯವೇ. ಆದರೆ ಆ ಮಾತಿಗೆ ಅಕ್ಕ ತಟ್ಟನೆ ತಿರುಗಿ ನನ್ನನ್ನು ನೋಡಿದ್ದು ನಿಜ. ನಮ್ಮ ಸಾಲನ್ನು ಬೇರೊಬ್ಬಳು ಹೇಳಿಬಿಟ್ಟಿದ್ದಳು; ಅದೂ ಯಾರ ತಲೆಯ ಮೇಲೆ ಮರ ವಾಲಿತ್ತೋ ಅವಳೇ. ಮುನಿರಾಜು ಆಗಲೇ ಅರ್ಧ ಮರ ಹತ್ತಿ ಹಗ್ಗ ಹಿಡಿದು ಕೂತಿದ್ದ. "ಏನ್ ಮೇಡಂ, ಹತ್ಲಾ ಇಳೀಲಾ? ಬೇಗ ಹೇಳಿ, ಇರುವೆ ಕಚ್ತಾ ಇದಾವೆ." ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಹೇಳಲಾರಳು ಎಂದು ಗೊತ್ತಾಯಿತು. ಹೇಳದಿದ್ದರೆ ಇನ್ನೊಂದು ಗಾಳಿ, ಇನ್ನೊಂದು ಕೊಂಬೆ.

"ಕಡಿ ಮುನಿರಾಜು," ಎಂದೆ. "ಇವತ್ತೇ ಕಡಿ."

ನನ್ನ ದನಿ ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿತ್ತು.

ಸಂಜೆಗೆ ಎಲ್ಲ ಮುಗಿದಿತ್ತು. ಬುಡದ ಪೊಳ್ಳಿನೊಳಗೆ ಮುನಿರಾಜು ಮೊಣಕೈವರೆಗೆ ತೋಳು ಇಳಿಸಿ ತೋರಿಸಿದ. ಜಗಲಿಯ ಮೇಲೆ ಎಳೆಗಾಯಿಗಳ ರಾಶಿ, ಪ್ರತಿಯೊಂದರ ತೊಟ್ಟಿನಲ್ಲೂ ಹಾಲು. ಅಡುಗೆಮನೆಯ ಗೋಡೆಗೆ ಎಂದೂ ಬೀಳದ ಬಿಸಿಲು ಬಿದ್ದಿತ್ತು. ನಾವಿಬ್ಬರೂ ಅದರತ್ತ ನೋಡದೆ ಓಡಾಡಿದೆವು. ಎಲೆ ತುಂಬಿದ ಸಣ್ಣ ರೆಂಬೆಗಳನ್ನು ಆರಿಸಿ ಶಾಂತವ್ವನ ಶೀಟಿನ ಮೇಲೆ ಹಾಸಿಸಿದೆ. ಅವಳು ಕೂಸಿನ ಬೆವರು ಒರೆಸುತ್ತಾ ನಿಂತಿದ್ದಳು. ನಾಲ್ಕನೇ ದಿನಕ್ಕೆ ಎಲೆ ಮುರುಟಿ ಕಂದಾಗಿ, ಸಂದುಗಳಲ್ಲಿ ಶೀಟು ಕಾಣತೊಡಗಿತಂತೆ. ಆ ಬೇಸಿಗೆ ಮುಗಿಯುವ ಮೊದಲೇ ಅವಳು ಕೋಣೆ ಬಿಟ್ಟಳು.

ಅಪ್ಪನ ಚಾಕುವನ್ನು ಅಕ್ಕ ನನಗೇ ಕೊಟ್ಟಳು. ಈಗ ಅದಕ್ಕೆ ಹೊಸ ಎಣ್ಣೆ ಸವರಿ ಮತ್ತೆ ಸುತ್ತಿಟ್ಟಿದ್ದೇನೆ. ಅಂದು ಅತ್ತವಳು ಅಕ್ಕನೋ ನಾನೋ, ಈಗಲೂ ತೀರ್ಮಾನವಾಗಿಲ್ಲ. ಗಾಯ ಯಾವ ಕಡೆಗಿತ್ತು ಎಂದು ತೋರಿಸಲು ಮರವೇ ಇಲ್ಲ. ಆದರೆ ಆ ಮರಕ್ಕೆ ನನ್ನ ಮಾತು ಕೇಳಿಸುತ್ತದೆ ಎಂದು ನಂಬಿ ಬೆಳೆದವಳು ನಾನು. ಹಾಗಿದ್ದರೆ ಆ ಭಾನುವಾರ ನಾನು ಹೇಳಿದ್ದೂ ಅದಕ್ಕೆ ಕೇಳಿಸಿರಬೇಕು.