ಐದಕ್ಕೆ ಐದು

ಬನವಾಸಿಯ ಹಿಟ್ಟಿನ ಗಿರಣಿ ಮಧುಕೇಶ್ವರಪ್ಪನ ಪಂಜೆ ಏರಿಯಲ್ ತಂತಿಗೆ ಸಿಕ್ಕಿ ಬಾವುಟದಂತೆ ಹಾರಾಡತೊಡಗಿದ್ದೂ, ದೂರದೇಶದ ರೇಡಿಯೋದಿಂದ ನುಜ್ಹತ್ ಬಂದು ಕಾರಿನಿಂದ ಇಳಿದದ್ದೂ ಒಂದೇ ಗಳಿಗೆಯಲ್ಲಿ. ಎದುರುಗೊಳ್ಳಬೇಕಾದವನು ಗಿರಣಿಯ ತಾರಸಿಯ ಮೇಲೆ, ನೀರಿನ ಟಾಕಿಯ ಹಿಂದೆ, ಪಟ್ಟಾಪಟ್ಟಿ ಚಡ್ಡಿಯಲ್ಲಿ ಅವಿತಿದ್ದ. ಇಳಿಯೋಣವೆಂದರೆ ಏಣಿ ಇಲ್ಲ.

“ಏಣಿ ಎಲ್ಲೈತೇ?”

“ಲೈನ್‌ಮನ್ ಒಯ್ದಾನ!” ಹೆಂಡತಿ ಮುರಿಗೆವ್ವ ಕೆಳಗಿನಿಂದ ಕೂಗಿದಳು. ಗಂಡನೊಡನೆ ಕೂಗಿಯೇ ಮಾತಾಡುವುದು ಗಿರಣಿ ಮನೆಯ ರೂಢಿ. “ನೀವು ಮ್ಯಾಲ ಅದೀರಿ ಅಂತ ನನಗೇನು ಕನಸು ಬಿದ್ದಿತ್ತೇನ್ರಿ?”

ಮೂವತ್ತೆಂಟು ವರ್ಷದಿಂದ ಸಂಜೆ ಆರೂವರೆಗೆ ಆ ಗಿರಣಿ ನಿಲ್ಲುತ್ತದೆ. ಮೋಟಾರು ತಿರುಗಿದರೆ ರೇಡಿಯೋದಲ್ಲಿ ಗೊರಗೊರ. ಜೋಳದ ಡಬ್ಬಿ ಹಿಡಿದವರು ಅರ್ಧ ಗಂಟೆ ಕಾಯಬೇಕು, ಇವನು ಇಯರ್‌ಫೋನ್ ಸಿಗಿಸಿಕೊಂಡು ಆ ದೇಶದ ಹಿಂದಿ ವಾರ್ತೆ ಕೇಳಬೇಕು. ಮರುದಿನ ಅವರಿಗೊಂದು ಕಾರ್ಡು: ದನಿ ಎಷ್ಟು ಸ್ಪಷ್ಟ, ಅಡಚಣೆ ಎಷ್ಟು ಎಂದು ಐದರಲ್ಲಿ ಅಂಕ. ಹ್ರಸ್ವ ತರಂಗಕ್ಕೆ ಇಷ್ಟು ದೀರ್ಘ ನಿಷ್ಠೆ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ.

ಯುದ್ಧಕಾಲದಲ್ಲಿ ಹುಟ್ಟಿ ನಲವತ್ತು ಭಾಷೆ ಮಾತಾಡಿದ ಆ ರೇಡಿಯೋ ಆಮೇಲೆ ಒಂದೊಂದೇ ನಾಲಗೆ ಕಳೆದುಕೊಂಡಿತು. ಒಮ್ಮೆ ಇವನು ಮೂರು ಅಂಕ ಕೊಟ್ಟ ತಿಂಗಳೇ ಅದರ ಮರಾಠಿ ವಿಭಾಗ ಮುಚ್ಚಿತು. ತನ್ನ ಮೂರೇ ಮರಾಠಿಯನ್ನು ನುಂಗಿತೆಂದು ಇವನಿಗೆ ಖಾತ್ರಿ. ಅಂದಿನಿಂದ ಐದಕ್ಕೆ ಐದು. ಆರು ವರ್ಷದಿಂದ ಬರೀ ‘ಸುಂಯ್’ ಎನ್ನುತ್ತಿದ್ದರೂ ಐದಕ್ಕೆ ಐದು.

ಈಗ ಹಿಂದಿಗೂ ಕುತ್ತು. ದಿಲ್ಲಿ ಕಚೇರಿಯ ನುಜ್ಹತ್, ಯಲ್ಲಾಪುರದ ಮಗಳು, ಬರೆದಿದ್ದಳು: ಇಷ್ಟು ಚೆನ್ನಾಗಿ ಕೇಳಿಸುವ ಊರು ನಿಮ್ಮದೊಂದೇ, ನಾನೇ ಬಂದು ಕೇಳಿ ವರದಿ ಕೊಟ್ಟರೆ ಹಿಂದಿ ಉಳಿದೀತು. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಬರಬೇಡಿ ಎಂದರೆ ಹಿಂದಿ ಹೋಯಿತು. ಬಂದು ಸುಂಯ್ ಕೇಳಿದರೆ ಹಿಂದಿಯೂ ಹೋಯಿತು, ಮಾನವೂ ಹೋಯಿತು. ಮೂರು ದಿನದಿಂದ ತಾರಸಿಯ ಮೇಲೆ ತಂತಿ ಎಳೆದದ್ದೇ ಎಳೆದದ್ದು.

ಆರೂವರೆ ಆಯಿತು. ಪಂಜೆ ಜಗ್ಗುವ ಭರಕ್ಕೆ ಇಯರ್‌ಫೋನಿನ ವೈರು, ಮೇಲೆ ತಂದಿಟ್ಟುಕೊಂಡಿದ್ದ ರೇಡಿಯೋದಿಂದ ಕಿತ್ತು ಬಂತು. ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಅದೇ ಸುಂಯ್. ಹಾರಿಬಿಡೋಣವೆಂದು ಬಗ್ಗಿ ನೋಡಿದರೆ ಕೆಳಗೆ ಹಳೆಯ ಬೀಸುವ ಕಲ್ಲು.

ಟಾಕಿಯ ಮರೆಯಿಂದ ತಲೆಯಷ್ಟೇ ಹೊರಹಾಕಿದ. “ಯವ್ವಾ, ನಂದೊಂದು ತಪ್ಪಾಗೈತಿ. ಆ ಕಾರ್ಡಿನಾಗ ನಾ ಬರ್ದಿದ್ದು—”

ನುಜ್ಹತ್ ತುಟಿಯ ಮೇಲೆ ಬೆರಳಿಟ್ಟಳು. ಕಣ್ಣು ಮುಚ್ಚಿ, ತಲೆದೂಗಿ, ನಕ್ಕಳು. ಜೋಳದ ಡಬ್ಬಿಯವರೂ ಮಾತು ನಿಲ್ಲಿಸಿ ಮೇಲೆ ನೋಡಿದರು.

“ಅಯ್ಯ, ರೇಡಿಯೋದಾಗ ಇಷ್ಟು ಛಂದ ಮಾತಾಡ್ತಾರಲ್ಲ!” ಮುರಿಗೆವ್ವ ಸೆರಗಿಗೆ ಕೈ ಒರೆಸಿಕೊಂಡಳು. “ಕಿವ್ಯಾಗ ಇಟ್ಕೊಂಡು ಒಂದಿನಾನೂ ನಮಗ ಕೇಳಸಾಕ ಬಿಡಲಿಲ್ಲ ನೋಡ್ರಿ.”

ನುಜ್ಹತ್ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಮುರಿಗೆವ್ವನ ಧಾಟಿಯಲ್ಲೇ ಕೂಗಿದಳು: “ಕಾಕಾ! ಇಷ್ಟು ವರ್ಷದಿಂದ ಕೇಳ್ತಿದ್ದೀರಲ್ಲ, ಈಗ ಮಾತಾಡ್ತಾ ಇರೋದು ಯಾರು ಹೇಳಿ ನೋಡೋಣ?”

ಮಧುಕೇಶ್ವರಪ್ಪ ರೇಡಿಯೋ ನೋಡಿದ, ಅವಳನ್ನು ನೋಡಿದ.

“ಯಾಕವ್ವಾ, ಬರಾಕತ್ತೈತೇನು?”